ಮುಟ್ಟಿನ ನೋವು ಚಾಳಿ ಬದಲಿಸಿದಾಗ

‘ನೋವು ಹತ್ತರಲ್ಲಿ ಎಷ್ಟು?’ ಅಂತ ಡಾಕ್ಟರು ಕೇಳುತ್ತಾರಲ್ಲ, ಆ ಪ್ರಶ್ನೆಗೆ ನನ್ನ ಹತ್ತಿರ ಯಾವತ್ತೂ ಸರಿಯಾದ ಉತ್ತರ ಇರಲಿಲ್ಲ. ಹತ್ತು ಅಂದರೆ ಯಾವುದು? ಯಾರ ಹತ್ತು? ವರ್ಷಗಟ್ಟಲೆ ನೋವು ತಿಂದವಳು ಆರು ಅನ್ನುತ್ತಾಳೆ. ಈಗಷ್ಟೇ ಮುಟ್ಟು ಶುರುವಾದ ಹುಡುಗಿ ಒಂಬತ್ತು ಅನ್ನುತ್ತಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಆ ಆರು, ಒಂಬತ್ತು ಕೇಳಿಕೊಂಡು ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಅಂತ ಹೇಳಲು ಯಾರಿಗೂ ಆಗುವುದಿಲ್ಲ.

ನಮ್ಮ ಮನೆಯಲ್ಲೇ ಈ ಎರಡೂ ಅಂಕಿ ಇವೆ. ಒಂಬತ್ತು ಅನ್ನುವವಳು ನನ್ನ ಅಕ್ಕನ ಮಗಳು. ಆರು ಅನ್ನುತ್ತಿದ್ದವಳು ನಾನು. ಅವಳದು ಸಾಮಾನ್ಯ ಮುಟ್ಟಿನ ನೋವು. ನನ್ನದು ಎಂಡೋಮೆಟ್ರಿಯೋಸಿಸ್, ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ. ಕಡಿಮೆ ಅಂಕಿ ಹೇಳಿದವಳಿಗೇ ಕಾಯಿಲೆ ಇತ್ತು ನೋಡಿ.

ಅಲ್ಲಿಂದ ಈಚೆಗೆ ಯಾರಾದರೂ ನನ್ನ ಹತ್ತಿರ ‘ಪೀರಿಯಡ್ಸ್ ನೋವು ತಡೆಯೋಕಾಗ್ತಿಲ್ಲ, ಡಾಕ್ಟರ ಹತ್ತಿರ ಹೋಗಲಾ?’ ಅಂತ ಕೇಳಿದರೆ ನಾನು ಎಷ್ಟು ನೋವು ಅಂತ ಕೇಳುವುದೇ ಇಲ್ಲ. ನೋವು ಯಾವಾಗ ಶುರುವಾಗುತ್ತದೆ, ಯಾವಾಗ ಹೋಗುತ್ತದೆ, ಎಲ್ಲೆಲ್ಲಿ ಬರುತ್ತದೆ, ಮಾತ್ರೆಗೆ ಬಗ್ಗುತ್ತದಾ, ಮೊದಲು ಹೀಗೇ ಇತ್ತಾ ಅಂತ ಕೇಳುತ್ತೇನೆ. ನಾನು ಡಾಕ್ಟರಲ್ಲ. ಲೆಕ್ಕಪತ್ರ ನೋಡುವ ಕೆಲಸದವಳು. ತಾರೀಖು ಹಾಕಿ ಬರೆದಿಡುವುದು ಕೈಗೆ ಅಂಟಿಕೊಂಡ ಅಭ್ಯಾಸ. ಆ ಅಭ್ಯಾಸವೇ ಕೊನೆಗೆ ಉಪಯೋಗಕ್ಕೆ ಬಂತು.

ಮೊದಲು ಅಕ್ಕನ ಮಗಳ ವಿಷಯ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರದು ಅವಳ ಥರದ್ದೇ. ಬ್ಲೀಡಿಂಗ್ ಶುರುವಾಗುವ ಹೊತ್ತಿಗೆ ಅಥವಾ ಕೆಲವು ಗಂಟೆ ಮುಂಚೆ ಕಿಬ್ಬೊಟ್ಟೆ ಹಿಂಡುತ್ತದೆ. ನೋವು ಅಲೆ ಅಲೆಯಾಗಿ ಬರುತ್ತದೆ. ಸೊಂಟಕ್ಕೆ ಹೋಗುತ್ತದೆ, ತೊಡೆಗೆ ಇಳಿಯುತ್ತದೆ. ಒಂದೆರಡು ಸಲ ವಾಂತಿ, ಭೇದಿ. ಮುಖ ಬಿಳಿಚಿಕೊಂಡು ಮುದುಡಿ ಮಲಗುತ್ತಾಳೆ. ಎರಡನೇ ದಿನ ಸಡಿಲವಾಗುತ್ತದೆ, ಮೂರನೇ ದಿನ ಏನೂ ಆಗದವಳ ಹಾಗೆ ಓಡಾಡುತ್ತಾಳೆ. ಮುಟ್ಟು ಶುರುವಾದ ಮೊದಲ ಒಂದೆರಡು ವರ್ಷದೊಳಗೆ ಇಂಥ ನೋವು ಕಾಣಿಸಿಕೊಂಡು, ತಿಂಗಳು ತಿಂಗಳೂ ಇದೇ ಕ್ರಮದಲ್ಲಿ ಬಂದು ಹೋಗುತ್ತಿದ್ದರೆ ಒಳಗೆ ಬೇರೆ ಕಾಯಿಲೆ ಇರುವ ಸಾಧ್ಯತೆ ಕಡಿಮೆ.

‘ಚಿಕ್ಕಮ್ಮ, ಗರ್ಭಕೋಶ ನೋಯ್ದರೆ ಭೇದಿ ಯಾಕೆ ಆಗ್ಬೇಕು?’ ಅಂತ ಅವಳು ಒಂದು ಸಲ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕಗಳನ್ನು ಬಿಡುತ್ತದೆ. ಅದರಿಂದ ಗರ್ಭಕೋಶದ ಸ್ನಾಯು ಬಿಗಿಯಾಗಿ ಹಿಂಡಿಕೊಳ್ಳುತ್ತದೆ, ಪದರ ಕಳಚಿ ಹೊರಗೆ ಬರುತ್ತದೆ. ಹಿಂಡುವುದು ಜೋರಾದರೆ ಅಲ್ಲಿನ ರಕ್ತನಾಳಗಳೂ ಇರುಕಿಕೊಳ್ಳುತ್ತವೆ. ಸ್ನಾಯುವಿಗೆ ಆಮ್ಲಜನಕ ಸಾಲದೆ ಹೋಗುತ್ತದೆ. ರಾತ್ರಿ ನಿದ್ದೆಯಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದಲ್ಲ, ಆ ನೋವನ್ನು ಹೊಟ್ಟೆಯೊಳಗೆ ಇಟ್ಟ ಹಾಗೆ. ಈ ಪ್ರೊಸ್ಟಗ್ಲಾಂಡಿನ್ ಕರುಳನ್ನೂ ಹಿಂಡಿಸುತ್ತದೆ, ಅದಕ್ಕೇ ಭೇದಿ. ವಾಂತಿ, ತಲೆನೋವೂ ಅದರದ್ದೇ ಕೆಲಸ. ನೋವು ಜಾಸ್ತಿ ಇರುವವರಲ್ಲಿ ಇದರ ಪ್ರಮಾಣವೂ ಜಾಸ್ತಿ ಇರುತ್ತದೆ. ‘ಎಲ್ಲ ಮನಸ್ಸಿನದ್ದು’ ಅನ್ನುವವರು ಸಿಕ್ಕರೆ ಇಷ್ಟು ಹೇಳಿದರೆ ಸಾಕು.

ಆಸ್ಪಿರಿನ್ ಥರದ ಔಷಧಗಳು ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ ಅಂತ ಜಾನ್ ವೇನ್ ಅನ್ನುವ ಬ್ರಿಟಿಷ್ ವಿಜ್ಞಾನಿ 1971ರಲ್ಲಿ ತೋರಿಸಿದರು. 1982ರ ನೊಬೆಲ್ ಬಹುಮಾನ ಪಡೆದ ಮೂವರಲ್ಲಿ ಅವರೂ ಒಬ್ಬರು. ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್, ನಾಪ್ರೋಕ್ಸೆನ್ ಎಲ್ಲ ಇದೇ ಗುಂಪಿನವು. ಇದರಲ್ಲಿ ನಮಗೆ ಬೇಕಾದ ಒಂದು ಸೂಕ್ಷ್ಮ ಇದೆ. ಮಾತ್ರೆ ತಡೆಯುವುದು ಮುಂದೆ ತಯಾರಾಗುವ ಪ್ರೊಸ್ಟಗ್ಲಾಂಡಿನ್ನನ್ನು. ಆಗಲೇ ತುಂಬಿಕೊಂಡಿರುವುದನ್ನು ಅದು ತೆಗೆದುಹಾಕುವುದಿಲ್ಲ. ‘ತಡೆಯೋಷ್ಟು ತಡೀತೀನಿ, ಆಮೇಲೆ ತಗೋತೀನಿ’ ಅಂತ ಕೂತವರಿಗೆ ಮಾತ್ರೆ ಕೆಲಸ ಮಾಡಲಿಲ್ಲ ಅನಿಸುವುದು ಇದಕ್ಕೇ. ನೋವಿನ ಮೊದಲ ಸುಳಿವು ಸಿಕ್ಕಾಗಲೇ, ಅಥವಾ ಬ್ಲೀಡಿಂಗ್ ಶುರುವಾದ ಕೂಡಲೇ ತಗೊಂಡು, ಎರಡು ಮೂರು ದಿನ ಹೊತ್ತು ಹೊತ್ತಿಗೆ ಮುಂದುವರಿಸಬೇಕು. ತಾರೀಖು ತಪ್ಪದೆ ಬರುವವರಿಗೆ ಒಂದು ದಿನ ಮುಂಚೆಯೇ ಶುರುಮಾಡಿ ಅಂತ ಡಾಕ್ಟರುಗಳು ಹೇಳುವುದೂ ಇದೆ. ಅಕ್ಕನ ಮಗಳ ತಿಂಗಳುಗಳು ಬದಲಾಗಿದ್ದು ಔಷಧ ಬದಲಿಸಿ ಅಲ್ಲ, ಹೊತ್ತು ಬದಲಿಸಿ.

ಆದರೆ ಈ ಮಾತ್ರೆಗಳು ಎಲ್ಲರಿಗೂ ಆಗಿಬರುವುದಿಲ್ಲ. ಹೊಟ್ಟೆಯಲ್ಲಿ ಹುಣ್ಣು ಇರುವವರು, ಕಿಡ್ನಿ ತೊಂದರೆ ಇರುವವರು, ಇಂಥ ಮಾತ್ರೆಯಿಂದ ಉಬ್ಬಸ ಹೆಚ್ಚಾಗುವವರು, ರಕ್ತ ತೆಳುವಾಗಿಸುವ ಔಷಧದಲ್ಲಿರುವವರು, ಬಸುರಿ ಇರಬಹುದು ಅನ್ನುವ ಅನುಮಾನ ಇರುವವರು ಕೇಳದೆ ತಗೊಳ್ಳಬಾರದು. ಖಾಲಿ ಹೊಟ್ಟೆಗೆ ಬೇಡ. ಒಂದೇ ಗುಂಪಿನ ಎರಡು ಮಾತ್ರೆ ಒಟ್ಟಿಗೆ ಬೇಡ, ಹೆಸರು ಬೇರೆ ಇದ್ದ ಮಾತ್ರಕ್ಕೆ ಔಷಧ ಬೇರೆ ಅಂತ ಅಲ್ಲ. ಡಾಕ್ಟರನ್ನು ಕೇಳದೆ ತಗೊಳ್ಳುವಾಗ ದೊಡ್ಡವರಿಗೆ ಐಬುಪ್ರೊಫೇನ್ 24 ಗಂಟೆಯಲ್ಲಿ 1200 ಮಿಲಿಗ್ರಾಂ ದಾಟಬಾರದು. ಪ್ಯಾರಾಸಿಟಮಾಲ್ ಈ ನೋವಿಗೆ ಅಷ್ಟಾಗಿ ನಾಟುವುದಿಲ್ಲ, ಆದರೆ ಮೇಲಿನವು ಆಗದವರಿಗೆ ಅದೇ ಗತಿ.

ಶಾಖದ ಬಗ್ಗೆ ನಗಬೇಡಿ. ಕಿಬ್ಬೊಟ್ಟೆಗೆ 38.9 ಡಿಗ್ರಿ ಸೆಲ್ಸಿಯಸ್‌ನಷ್ಟು ಹದವಾದ ಬಿಸಿಯನ್ನು ಗಂಟೆಗಟ್ಟಲೆ ಕೊಟ್ಟು ನೋಡಿದ 2001ರ ಒಂದು ಅಧ್ಯಯನದಲ್ಲಿ ಅದು ಐಬುಪ್ರೊಫೇನ್‌ನಷ್ಟೇ ಕೆಲಸ ಮಾಡಿತ್ತು. ಗಮನಿಸಿ, ಹದವಾದ ಬಿಸಿ. ನಾನು ಸುಡುವ ನೀರಿನ ಬ್ಯಾಗನ್ನು ಬಟ್ಟೆಯೂ ಸುತ್ತದೆ ಇಟ್ಟುಕೊಳ್ಳುತ್ತಿದ್ದೆ. ಹೊಟ್ಟೆಯ ಚರ್ಮದ ಮೇಲೆ ಬಲೆ ಬಲೆಯಾಗಿ ಕಂದು ಗುರುತು ಬಿತ್ತು. ಚರ್ಮಕ್ಕೆ ಮತ್ತೆ ಮತ್ತೆ ಬಿಸಿ ತಾಗಿದರೆ ಹೀಗಾಗುತ್ತದಂತೆ. ಆ ಗುರುತು ನೋಡಿದ ಡಾಕ್ಟರೇ ಮೊದಲು ‘ಇಷ್ಟು ಬಿಸಿ ಬೇಕಾಗುವಷ್ಟು ನೋವಾ?’ ಅಂತ ಕೇಳಿದ್ದು. ನನ್ನ ಬಾಯಿಯ ಆರಕ್ಕಿಂತ ಹೊಟ್ಟೆಯ ಚರ್ಮ ಸರಿಯಾಗಿ ಉತ್ತರ ಕೊಟ್ಟಿತ್ತು.

ಇನ್ನು ನನ್ನ ಕಥೆ. ಹರೆಯದಲ್ಲಿ ನನ್ನ ನೋವೂ ಅಕ್ಕನ ಮಗಳದ್ದರ ಹಾಗೇ ಇತ್ತು. ಮೊದಲ ದಿನ, ಒಂದು ಮಾತ್ರೆ, ಮುಗಿಯಿತು. ಮೂವತ್ತು ದಾಟಿದ ಮೇಲೆ ಅದು ಚಾಳಿ ಬದಲಿಸಿತು. ಬ್ಲೀಡಿಂಗ್ ಶುರುವಾಗುವುದಕ್ಕೆ ದಿನಗಳ ಮುಂಚೆಯೇ ಕಿಬ್ಬೊಟ್ಟೆ ಭಾರ. ಬ್ಲೀಡಿಂಗ್ ನಿಂತ ಮೇಲೂ ನೋವು ಹೋಗುತ್ತಿರಲಿಲ್ಲ. ಮುಟ್ಟಿನ ದಿನಗಳಲ್ಲಿ ಪಾಯಿಖಾನೆಗೆ ಕೂತರೆ ಒಳಗೆ ಚೂರಿ ಹಾಕಿದಂತೆ ಆಗುತ್ತಿತ್ತು. ಉಳಿದ ದಿನಗಳಲ್ಲಿ ಹಾಗಾಗುತ್ತಿರಲಿಲ್ಲ. ಬಹಳ ಕಾಲ ನಾನದನ್ನು ಮೂಲವ್ಯಾಧಿ ಅಂದುಕೊಂಡಿದ್ದೆ. ಗಂಡನ ಜೊತೆ ಸೇರುವಾಗಲೂ ಆಳದಲ್ಲೆಲ್ಲೋ ನೋವು. ಇದನ್ನು ಬಾಯಿಬಿಟ್ಟು ಹೇಳುವುದು ಯಾರಿಗೆ? ಅಮ್ಮನಿಗಾ? ‘ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ’ ಅಂತಿದ್ದಳು ಅಮ್ಮ. ಪಾಪ, ಅವಳಿಗೂ ಯಾರೋ ಹಾಗೇ ಹೇಳಿರಬೇಕು.

ಮೊದಲು ತೋರಿಸಿದ ಕಡೆ ಸ್ಕ್ಯಾನಿಂಗ್ ಮಾಡಿಸಿದರು. ರಿಪೋರ್ಟಿನಲ್ಲಿ ಎಲ್ಲ ನಾರ್ಮಲ್. ‘ಎಲ್ಲರಿಗೂ ಬರುತ್ತಮ್ಮ, ಒಂದು ಮಗು ಆದರೆ ಸರಿಹೋಗುತ್ತೆ’ ಅಂದರು. ಈ ಮಾತು ಎಷ್ಟು ಜನರ ವರ್ಷಗಳನ್ನು ತಿಂದಿದೆಯೋ! ಬಸುರಿಯಾಗಿದ್ದಾಗ ಮುಟ್ಟು ನಿಲ್ಲುವುದರಿಂದ ಕೆಲವರಿಗೆ ನೋವು ಸುಮ್ಮನಾಗುತ್ತದೆ, ಅಷ್ಟೇ. ಎಂಡೋಮೆಟ್ರಿಯೋಸಿಸ್‌ಗೆ ಮಗು ಚಿಕಿತ್ಸೆ ಅಲ್ಲ. ಬದಲಿಗೆ ಇದೇ ಕಾಯಿಲೆಯಿಂದ ಕೆಲವರಿಗೆ ಗರ್ಭ ನಿಲ್ಲುವುದೇ ಕಷ್ಟವಾಗುತ್ತದೆ.

ಎರಡನೇ ಡಾಕ್ಟರು ನನ್ನ ನೋಟ್‌ಬುಕ್ಕು ಕೇಳಿ ತಗೊಂಡರು. ನಾನು ಬರೆದಿದ್ದು ದೊಡ್ಡದೇನಲ್ಲ. ತಾರೀಖು. ಅವತ್ತು ಬ್ಲೀಡಿಂಗ್ ಇತ್ತಾ, ಇಲ್ಲವಾ. ನೋವು ಎಲ್ಲಿ. ಮಾತ್ರೆ ತಗೊಂಡ ಹೊತ್ತು, ಅದು ಕೇಳಿತಾ. ಪ್ಯಾಡು ಎಷ್ಟು. ಪಾಯಿಖಾನೆ, ಮೂತ್ರದ ತೊಂದರೆ. ಅವತ್ತು ಯಾವ ಕೆಲಸ ಬಿಟ್ಟೆ. ಕೊನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ‘ರಜೆ ಹಾಕಿದೆ’, ‘ನಿಂತು ಪಾತ್ರೆ ತೊಳೆಯಲಾಗಲಿಲ್ಲ’, ‘ರಾತ್ರಿ ಎದ್ದು ಕೂತೆ’ ಅಂತ ಬರೆದದ್ದಕ್ಕೆ ಹತ್ತರಲ್ಲಿ ಎಷ್ಟು ಅನ್ನುವ ಲೆಕ್ಕ ಬೇಕಾಗುವುದಿಲ್ಲ. ಅವರು ಹಾಳೆ ತಿರುಗಿಸುತ್ತಾ ‘ಮುಟ್ಟಿನ ದಿನ ಮಾತ್ರ ಮಲ ಹೋಗುವಾಗ ನೋವಾ?’ ಅಂತ ಕೇಳಿದರು. ಹೌದು ಅಂದೆ. ಮುಂದಿನ ಪರೀಕ್ಷೆಗಳೆಲ್ಲ ಆ ಒಂದು ಪ್ರಶ್ನೆಯಿಂದ ಹೊರಟವು.

ಎಂಡೋಮೆಟ್ರಿಯೋಸಿಸ್ ಅಂದರೆ ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆ ಬೆಳೆಯುವುದು. ಅಂಡಾಶಯದ ಮೇಲೆ, ಗರ್ಭಕೋಶದ ಹಿಂದೆ, ಕರುಳಿನ ಹತ್ತಿರ, ಮೂತ್ರಕೋಶದ ಮೇಲೆ. ಅಲ್ಲಿ ಊತ ಬರುತ್ತದೆ, ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನನಗೆ ಗರ್ಭಕೋಶದ ಹಿಂದೆ, ಕರುಳಿನ ಪಕ್ಕ ಇತ್ತು. ಪಾಯಿಖಾನೆಯ ನೋವಿನ ಗುಟ್ಟು ಅದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿಗೆ, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ ಇದು ಇದೆ. ಇಷ್ಟು ಜನರಿಗೆ ಇರುವ ಕಾಯಿಲೆಯ ಹೆಸರನ್ನು ನಾನು ಮೂವತ್ತು ದಾಟಿದ ಮೇಲೆ ಕೇಳಿದೆ. ಸಕ್ಕರೆ ಕಾಯಿಲೆ, ಬಿಪಿ ಬಗ್ಗೆ ಮಾತಾಡುವಷ್ಟು ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ ಅಲ್ವಾ?

ನೋವಿಗೂ ಕಾಯಿಲೆಯ ಗಾತ್ರಕ್ಕೂ ತಾಳೆಯಾಗುವುದಿಲ್ಲ ಅನ್ನುವುದು ಇದರ ವಿಚಿತ್ರ. ಚಿಕ್ಕ ಚಿಕ್ಕ ಚುಕ್ಕೆಗಳಿದ್ದು ಹಾಸಿಗೆ ಹಿಡಿಯುವವರಿದ್ದಾರೆ. ಅಂಡಾಶಯದಲ್ಲಿ ದೊಡ್ಡ ಗಡ್ಡೆ ಇದ್ದೂ ಏನೂ ಗೊತ್ತಾಗದವರಿದ್ದಾರೆ. ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ಗಡ್ಡೆ, ಆಳಕ್ಕಿಳಿದ ಗಂಟು ಕಾಣಿಸಬಹುದು. ಮೇಲ್ಮೈಯಲ್ಲಿ ಹರಡಿದ ತೆಳು ಚುಕ್ಕೆಗಳು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಸ್ಕ್ಯಾನಿಂಗ್ ನಾರ್ಮಲ್ ಬಂತು ಅಂದರೆ ಕಾಯಿಲೆ ಇಲ್ಲ ಅಂತ ಅರ್ಥವಲ್ಲ. ಹಿಂದೆಲ್ಲ ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವ ಆಪರೇಷನ್ ಮಾಡಿ, ಒಳಗೆ ಕಣ್ಣಾರೆ ನೋಡಿದರಷ್ಟೇ ಖಾತ್ರಿ ಅನ್ನುತ್ತಿದ್ದರು. ಈಗ ಹಾಗಿಲ್ಲ. ಯುರೋಪಿನ ತಜ್ಞರ ಸಂಘವಾದ ಎಶ್ರೆ 2022ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಲಕ್ಷಣ ನೋಡಿ ಔಷಧ ಶುರುಮಾಡಬಹುದು ಅಂತಿದೆ. ಆಪರೇಷನ್‌ಗೆ ಹೆದರಿ ಡಾಕ್ಟರ ಹತ್ತಿರವೇ ಹೋಗದವರು ಇದನ್ನು ತಿಳಿದುಕೊಳ್ಳಬೇಕು.

ಚಾಳಿ ಬದಲಿಸಿದ ನೋವೆಲ್ಲ ಎಂಡೋಮೆಟ್ರಿಯೋಸಿಸ್ಸೇ ಆಗಿರಬೇಕಿಲ್ಲ. ಅದೇ ಅಂಗಾಂಶ ಗರ್ಭಕೋಶದ ಸ್ನಾಯುವಿನೊಳಕ್ಕೆ ಹೊಕ್ಕರೆ ಅಡೆನೋಮಯೋಸಿಸ್. ಆಗ ಗರ್ಭಕೋಶ ದಪ್ಪವಾಗಿ, ನೋವಿನ ಜೊತೆ ಬ್ಲೀಡಿಂಗೂ ಜಾಸ್ತಿಯಾಗಬಹುದು. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಅನ್ನುವ ಸ್ನಾಯುವಿನ ಗಡ್ಡೆಗಳಿರಬಹುದು. ಸೋಂಕು ಇರಬಹುದು, ಆಗ ಜ್ವರ ಅಥವಾ ವಾಸನೆಯ ಬಿಳಿಮುಟ್ಟು ಜೊತೆಗಿರಬಹುದು. ಕಾಪರ್ ಟಿ ಹಾಕಿಸಿಕೊಂಡ ಮೇಲೆ ಶುರುವಾದ ನೋವಾದರೆ ಅದನ್ನೂ ಹೇಳಬೇಕು. ತೀರಾ ಚಿಕ್ಕ ಹುಡುಗಿಯರಲ್ಲಿ ಅಪರೂಪಕ್ಕೆ ಹುಟ್ಟಿನಿಂದಲೇ ಮುಟ್ಟಿನ ದಾರಿಯಲ್ಲಿ ತಡೆ ಇರುತ್ತದೆ.

ಬ್ಲೀಡಿಂಗ್ ಜಾಸ್ತಿ ಅಂದರೆ ಎಷ್ಟು ಅಂತ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ, ಯಾಕೆಂದರೆ ನಾವು ನೋಡಿರುವುದು ನಮ್ಮದನ್ನು ಮಾತ್ರ. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡು ನೆನೆದು ಬದಲಿಸಬೇಕಾದರೆ, ಏಳು ದಿನ ದಾಟಿದರೆ, ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡ ಹೆಪ್ಪು ಬೀಳುತ್ತಿದ್ದರೆ, ರಾತ್ರಿ ಪ್ಯಾಡು ಬದಲಿಸಲೆಂದೇ ಏಳಬೇಕಾದರೆ ಅದು ಜಾಸ್ತಿಯೇ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು ಇದ್ದರೆ ರಕ್ತಹೀನತೆ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು.

ಅಪಾಯಿಂಟ್‌ಮೆಂಟ್ ತಗೊಂಡು ಆರಾಮಾಗಿ ಹೋಗುವ ವಿಷಯಗಳು ಇವು. ಕಾಯಬಾರದವು ಬೇರೆ ಇವೆ. ಇದ್ದಕ್ಕಿದ್ದಂತೆ ಒಂದು ಕಡೆ ಸೀಳಿದಂಥ ನೋವು, ಜೊತೆಗೆ ವಾಂತಿ ಇದ್ದರೆ ಅಂಡಾಶಯ ತಿರುಚಿಕೊಂಡಿರಬಹುದು. ಮುಟ್ಟು ತಪ್ಪಿದೆ ಅಥವಾ ಬಸುರಿ ಇರಬಹುದು, ಆಗ ಒಂದು ಪಕ್ಕ ನೋವು, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲೆ ಬಂದರೆ ಗರ್ಭ ಅಂಡನಾಳದಲ್ಲಿ ನಿಂತಿರಬಹುದು. ಇದು ಜೀವಕ್ಕೆ ಕುತ್ತು. ‘ಮುಟ್ಟು ಲೇಟಾಗಿ ಬಂತು, ಅದಕ್ಕೇ ನೋವು’ ಅಂತ ಸುಮ್ನೆ ಮಲಗಬಾರದು. ಕಿಬ್ಬೊಟ್ಟೆ ನೋವಿನ ಜೊತೆ ಜೋರು ಜ್ವರ, ಗಂಟೆಗೊಂದು ಪ್ಯಾಡು ನೆನೆಯುವುದು ನಿಲ್ಲದೆ ಮುಂದುವರಿಯುವುದು, ಪ್ರಜ್ಞೆ ತಪ್ಪುವುದು, ಇವಕ್ಕೂ ತಕ್ಷಣ ಆಸ್ಪತ್ರೆ. ಟ್ಯಾಂಪನ್ ಅಥವಾ ಕಪ್ ಇಟ್ಟುಕೊಂಡಿದ್ದಾಗ ಜ್ವರ, ಮೈಮೇಲೆ ಕೆಂಪು ದದ್ದು, ತಲೆಸುತ್ತು ಬಂದರೆ ಅದನ್ನು ತೆಗೆದು ಕೂಡಲೇ ಹೊರಡಿ.

ಒಳ ಪರೀಕ್ಷೆಯ ಹೆದರಿಕೆಗೇ ಮುಂದೂಡುವವರಿದ್ದಾರೆ. ನನಗೂ ಅಳುಕಿತ್ತು. ಆದರೆ ಮೊದಲ ಭೇಟಿಯಲ್ಲೇ ಒಳ ಪರೀಕ್ಷೆ ಆಗಲೇಬೇಕು ಅಂತೇನಿಲ್ಲ. ಹೆಚ್ಚಿನದು ಮಾತಿನಲ್ಲೇ ಗೊತ್ತಾಗುತ್ತದೆ. ಇನ್ನೂ ದೈಹಿಕ ಸಂಬಂಧ ಇಲ್ಲದ ಹುಡುಗಿಯರಿಗೆ ಮೂತ್ರ ಕಟ್ಟಿಸಿಕೊಂಡು ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡುತ್ತಾರೆ. ಪರೀಕ್ಷೆ ಬೇಕೇ ಆದರೆ ಯಾಕೆ ಅಂತ ಕೇಳಬಹುದು, ಜೊತೆಗೆ ಒಬ್ಬರು ಇರಲಿ ಅನ್ನಬಹುದು, ನೋವಾದರೆ ನಿಲ್ಲಿಸಿ ಅನ್ನಬಹುದು, ಇವತ್ತು ಬೇಡ ಅಂತಲೂ ಹೇಳಬಹುದು. ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದು ನಾನೇ. ಅರ್ಧ ಹೊತ್ತು ನಾನು ಹೊರಗೆ ಕೂತಿದ್ದೆ. ದೊಡ್ಡವರ ಮುಂದೆ ಹೇಳಲಾಗದ್ದು ಹುಡುಗಿಯರಿಗೆ ಇರುತ್ತದೆ.

ಅವಳದು ಸಾಮಾನ್ಯ ನೋವು ಅಂದಮೇಲೆ ಡಾಕ್ಟರ ಹತ್ತಿರ ಯಾಕೆ ಹೋದಿರಿ ಅಂತ ನೀವು ಕೇಳಬಹುದು. ತಿಂಗಳು ತಿಂಗಳೂ ಕ್ಲಾಸು ತಪ್ಪುತ್ತಿತ್ತು, ಅದಕ್ಕೆ. ಒಳಗೆ ಕಾಯಿಲೆ ಇಲ್ಲ ಅಂದರೆ ನೋವು ಸಹಿಸಿಕೊಂಡಿರು ಅಂತ ಅರ್ಥವಲ್ಲ. ಕೆಲಸ, ಕ್ಲಾಸು, ನಿದ್ದೆ ತಪ್ಪಿಸುವ ನೋವಿಗೆ ಚಿಕಿತ್ಸೆ ಬೇಕು. ಮಾತ್ರೆ ಸರಿಯಾದ ಹೊತ್ತಿಗೆ ತಗೊಂಡೂ ಮೂರು ತಿಂಗಳಲ್ಲಿ ಹದಕ್ಕೆ ಬರದಿದ್ದರೆ ಹಾರ್ಮೋನ್ ಮಾತ್ರೆ ನೋಡೋಣ ಅಂದಿದ್ದರು ಡಾಕ್ಟರು. ‘ಗರ್ಭನಿರೋಧಕ ಮಾತ್ರೆನಾ? ಇಷ್ಟು ಚಿಕ್ಕವಳಿಗಾ?’ ಅಂತ ಅಕ್ಕ ಗಾಬರಿಯಾದಳು. ಅದು ಒಳಪದರವನ್ನು ತೆಳುವಾಗಿಸುತ್ತದೆ, ಪದರ ತೆಳುವಾದರೆ ಪ್ರೊಸ್ಟಗ್ಲಾಂಡಿನ್ ಕಡಿಮೆ, ನೋವೂ ಕಡಿಮೆ. ಹಾಗಂತ ಎಲ್ಲರಿಗೂ ಕೊಡುವಂಥದ್ದಲ್ಲ. ರಕ್ತ ಹೆಪ್ಪುಗಟ್ಟಿದ ಇತಿಹಾಸ, ಕಣ್ಣ ಮುಂದೆ ಮಿಂಚು ಕಾಣಿಸುವ ಥರದ ಮೈಗ್ರೇನ್ ಇದ್ದರೆ ಮೊದಲೇ ಹೇಳಬೇಕು. ಅವಳಿಗೆ ಅದರ ಅಗತ್ಯ ಬೀಳಲಿಲ್ಲ.

ನನಗೆ ಬಿತ್ತು. ಡೈನೋಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ, ದಿನಕ್ಕೆ 2 ಮಿಲಿಗ್ರಾಂ. ಶುರುವಿನ ತಿಂಗಳುಗಳು ಸುಖವೇನಲ್ಲ. ಹೊತ್ತು ಗೊತ್ತಿಲ್ಲದೆ ಚುಕ್ಕೆ ಚುಕ್ಕೆ ರಕ್ತ, ತಲೆನೋವು, ಯಾರು ಮಾತಾಡಿಸಿದರೂ ಸಿಡಿಮಿಡಿ. ಆಮೇಲೆ ಹೊಂದಿಕೊಂಡಿತು. ಮುಟ್ಟು ನಿಂತಿತು, ನೋವು ಬಹಳ ಮಟ್ಟಿಗೆ ಇಳಿಯಿತು. ಪೂರ್ತಿ ಹೋಗಿದೆ ಅಂತ ಹೇಳುವುದಿಲ್ಲ. ಕೆಲವರಿಗೆ ಹಾರ್ಮೋನ್ ಬಿಡುವ ಸಾಧನವನ್ನು ಗರ್ಭಕೋಶದೊಳಗೆ ಇಡುತ್ತಾರೆ, ಕೆಲವರಿಗೆ ಲ್ಯಾಪರೋಸ್ಕೋಪಿಯಲ್ಲಿ ಗಂಟುಗಳನ್ನು ತೆಗೆಯುತ್ತಾರೆ. ತೆಗೆದ ಮೇಲೂ ಮತ್ತೆ ಬರುವುದುಂಟು. ಮಗು ಬೇಕು ಅನ್ನುವವರಿಗೆ ದಾರಿಯೇ ಬೇರೆ, ಯಾಕೆಂದರೆ ಈ ಮಾತ್ರೆಗಳು ನಡೆಯುತ್ತಿರುವಾಗ ಸಾಮಾನ್ಯವಾಗಿ ಗರ್ಭ ನಿಲ್ಲುವುದು ಕಷ್ಟ. ‘ಗರ್ಭಕೋಶವನ್ನೇ ತೆಗೆಸಿಬಿಡಿ, ಪೀಡೆ ಕಳೆಯುತ್ತೆ’ ಅಂತ ಸಲಹೆ ಕೊಡುವವರು ಎಲ್ಲ ಕಡೆ ಸಿಗುತ್ತಾರೆ. ಗರ್ಭಕೋಶದ ಹೊರಗೆ ಇರುವ ಕಾಯಿಲೆ ಗರ್ಭಕೋಶ ತೆಗೆದ ಮಾತ್ರಕ್ಕೆ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ. ಅಂಥ ಮಾತು ಬಂದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳದೆ ಒಪ್ಪಬೇಡಿ.

ಡಾಕ್ಟರ ಮುಂದೆ ಕೂತಾಗ ಅರ್ಧ ಮರೆತುಹೋಗುತ್ತದೆ, ಹಾಗಾಗಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಾಚಿಕೆಯ ವಿಷಯವನ್ನು ಚೀಟಿಯಲ್ಲಿ ಮೊದಲೇ ಬರೆಯಿರಿ, ಕೊನೆಗಿಟ್ಟರೆ ಅದು ಬಾಯಿಗೆ ಬರುವುದೇ ಇಲ್ಲ. ಎರಡು ಮೂರು ತಿಂಗಳ ದಿನಚರಿ ಇದ್ದರೆ ಒಳ್ಳೆಯದು. ಆದರೆ ನೋವು ಈಗಲೇ ತಡೆಯಲಾಗದಂತಿದ್ದರೆ ಪುಸ್ತಕ ತುಂಬಲಿ ಅಂತ ಕಾಯಬೇಡಿ. ಕೊಟ್ಟ ಔಷಧ ಕೇಳದಿದ್ದರೆ ಸುಮ್ಮನಾಗಬೇಡಿ, ಮತ್ತೆ ಹೋಗಿ ‘ಇದು ಕೇಳಲಿಲ್ಲ, ಮುಂದೇನು?’ ಅಂತ ಕೇಳಿ. ಅಲ್ಲೂ ‘ಎಲ್ಲರಿಗೂ ಬರುತ್ತಮ್ಮ’ ಅಂದರೆ ಆ ಚೀಟಿ ಹಿಡಿದುಕೊಂಡೇ ಬೇರೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ.